ಹನ್ನೆರಡು ಚೌಕಗಳ ಪ್ಲಾಸ್ಟಿಕ್ ಕ್ಯಾಮೆರಾ

ಬಸವನಗುಡಿಯ ಕಡಲೆಕಾಯಿ ಪರಿಷೆಯ ಒಂದು ಸಂಜೆ, ಹೊಸದಾಗಿ ಕೊಂಡಿದ್ದ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾದಲ್ಲಿ ನನ್ನ ಮೊದಲ ರೋಲನ್ನು ಮುಗಿಸಿದೆ. ತೊಳೆಸಿ ನೋಡಿದರೆ ಒಂದು ರೋಲಿಗೆ ಸಿಗುವ ಹನ್ನೆರಡು ಚೌಕಾಕಾರದ ಚಿತ್ರಗಳಲ್ಲಿ ಒಂಬತ್ತು ಬರಿದಾಗಿದ್ದವು. ಈ ಬಗೆಯ ಕ್ಯಾಮೆರಾದ ಷಟರ್, ಅಂದರೆ ಬೆಳಕನ್ನು ಒಳಬಿಡುವ ಪರದೆ, ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆಯುತ್ತದೆ, ಬೆಳಕು ಒಳಬರುವ ರಂಧ್ರವೂ ಚಿಕ್ಕದು. ಕಡಲೆಕಾಯಿ ರಾಶಿಗಳ ಮೇಲೆ ತೂಗುತ್ತಿದ್ದ ಬಲ್ಬುಗಳು ಕಣ್ಣಿಗೆ ಎಷ್ಟೇ ಝಗಮಗಿಸಿದರೂ ಫಿಲ್ಮಿಗೆ ಸಾಲುವುದಿಲ್ಲ.

ಆ ಕ್ಯಾಮೆರಾಕ್ಕೆ ನಾನು ಕೊಟ್ಟದ್ದು 8,000 ರೂಪಾಯಿ. ಅದರ ಲೆನ್ಸ್ ಪ್ಲಾಸ್ಟಿಕ್ಕಿನ ಒಂದೇ ಒಂದು ಬಿಲ್ಲೆ. ಈ ಪರಂಪರೆಯ ಡಯಾನಾ 1960ರ ದಶಕದಲ್ಲಿ, ಹೋಲ್ಗಾ 1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಗ್ಗದ ಕ್ಯಾಮೆರಾಗಳಾಗಿಯೇ ಹುಟ್ಟಿದವು. ಅಗ್ಗದ ವಸ್ತುವೆಂದು ಮಾಡಿದ್ದಕ್ಕೆ ಇಂದು ಈ ಬೆಲೆ ಏಕೆಂಬ ಬೇಸರ ನನ್ನಲ್ಲಿ ಈಗಲೂ ಉಳಿದಿದೆ.

ಎರಡನೇ ರೋಲಿನಿಂದ ನಾನು ಕ್ರಮ ಬದಲಿಸಿದೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಲಾಲ್‌ಬಾಗಿನ ಬಂಡೆಯ ಬಳಿ ಹೋಗಿ, ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ತೆಗೆಯತೊಡಗಿದೆ; ಮೋಡ ಕವಿದರೆ ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ 400ರ ವೇಗದ (ISO 400) ಫಿಲ್ಮನ್ನಲ್ಲದೆ ಬೇರೆ ಹಾಕುವುದಿಲ್ಲ. ಬೆಳಕು ನುಸುಳದಂತೆ ಹಿಂಬದಿ ಮುಚ್ಚಳದ ಸಂದುಗಳಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದೆ, ಚಿತ್ರದ ಸಂಖ್ಯೆ ಕಾಣುವ ಕೆಂಪು ಕಿಟಕಿಯನ್ನೂ ರೋಲು ತಿರುಗಿಸುವಾಗ ಮಾತ್ರ ತೆರೆಯುವಂತೆ ಮುಚ್ಚಿದೆ. ಫೋಕಸ್ ಹೊಂದಿಸಲು ಬೇಕಾದ ದೂರವನ್ನು ಕಣ್ಣಳತೆಗೆ ಬಿಡದೆ ಹೆಜ್ಜೆ ಹಾಕಿ ಎಣಿಸಿಕೊಂಡೆ.

ಆಗ ಸಿಕ್ಕ ಚಿತ್ರಗಳನ್ನು ನಾನು ಪ್ರೀತಿಸುತ್ತೇನೆ. ಗಾಂಧಿ ಬಜಾರಿನಲ್ಲಿ ಕನಕಾಂಬರ ಕಟ್ಟುತ್ತಿದ್ದ ಅಜ್ಜಿಯ ಮುಖ ನಡುವಿನಲ್ಲಿ ಸ್ಪಷ್ಟವಾಗಿದ್ದು, ಸುತ್ತಲಿನ ಬುಟ್ಟಿಗಳು ಮಸುಕಾಗುತ್ತಾ ಹೋಗಿ ಅಂಚಿನಲ್ಲಿ ಕತ್ತಲೆಗೆ ಸೇರಿವೆ. ನೋಡುವವರ ದೃಷ್ಟಿ ಆ ಬೆರಳುಗಳನ್ನು ಬಿಟ್ಟು ಕದಲದು. ಷಟರಿಗೂ ರೋಲು ತಿರುಗಿಸುವ ಗುಂಡಿಗೂ ಸಂಬಂಧವಿಲ್ಲದ ಕಾರಣ ಒಂದೇ ಚೌಕದಲ್ಲಿ ಎರಡು ಬಾರಿ ತೆಗೆಯಬಹುದು. ಹಾಗೆ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದೊಳಗೆ ನಮ್ಮಮ್ಮನ ಅಂಗೈ ಮೂಡಿದ ಚಿತ್ರವನ್ನು ಮನೆಯ ಗೋಡೆಗೆ ಹಾಕಿದ್ದೇನೆ.

ಆದರೆ ಮರೆತು ರೋಲು ತಿರುಗಿಸದೆ ಷಟರ್ ಒತ್ತಿದರೂ ಅದೇ ಆಗುತ್ತದೆ. ಹಾಗೆ ಎರಡು ಒಳ್ಳೆಯ ಚಿತ್ರಗಳು ಒಂದರ ಮೇಲೊಂದು ಕೂತು ಹಾಳಾದವು. ರೋಲು, ತೊಳೆಸುವುದು, ಸ್ಕ್ಯಾನು ಎಲ್ಲಕ್ಕೂ ದುಡ್ಡು, ಸಿಗುವುದು ಹನ್ನೆರಡೇ ಚೌಕ.

ಈ ನಡುವೆ ನಮ್ಮ ಮಾವನವರ ಅಟ್ಟದಲ್ಲಿ ಆಗ್ಫಾ ಕ್ಲಿಕ್ 3 ಸಿಕ್ಕಿತು. ನನ್ನ ಪ್ಲಾಸ್ಟಿಕ್ ಕ್ಯಾಮೆರಾಕ್ಕೆ ಹಾಕುವ ಅದೇ 120 ಎಂಬ ಅಗಲದ ಫಿಲ್ಮ್ ರೋಲು, ಅದೇ ಹನ್ನೆರಡು ಚೌಕ, ಹಳೆಯ ಕಾಲದ ಸರಳ ಕ್ಯಾಮೆರಾ. ಧೂಳು ಒರೆಸಿ ಹಾಕಿದ ಮೊದಲ ರೋಲಿನಲ್ಲೇ ಹತ್ತು ಚಿತ್ರಗಳು ಸರಿಯಾಗಿ ಬಂದವು. ಹೊಸಬರು ಕೇಳಿದರೆ ಮೊದಲು ಮನೆಯ ಅಟ್ಟ ಹುಡುಕಿ, ಹಿರಿಯರನ್ನು ವಿಚಾರಿಸಿ ಎನ್ನುತ್ತೇನೆ. ಆ ಪ್ಲಾಸ್ಟಿಕ್ ಕ್ಯಾಮೆರಾವನ್ನು ಮಾತ್ರ ನಾನು ಮಾರಿಲ್ಲ. ಟೇಪು ಸುತ್ತಿಕೊಂಡೇ ಅದು ನನ್ನ ಚೀಲದಲ್ಲಿದೆ, ಬಿಸಿಲು ಚೆನ್ನಾಗಿದ್ದ ದಿನ ಗಾಂಧಿ ಬಜಾರಿಗೆ ಹೋಗಲೆಂದು.