ಕೊಳ್ಳುವ ಮೊದಲು ಬಾಯಿಬಿಟ್ಟು ಓದಿ: ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಆರಿಸುವ ಬಗೆ

ಚಿತ್ರಪುಸ್ತಕ ಕೊಳ್ಳಲು ಹೋದವರು ಸಾಮಾನ್ಯವಾಗಿ ಮುಖಪುಟ, ಬೆಲೆ ಮತ್ತು ಹಿಂಬದಿಯಲ್ಲಿ ಮುದ್ರಿಸಿರುವ ವಯಸ್ಸನ್ನು ನೋಡಿ ತೀರ್ಮಾನಿಸಿಬಿಡುತ್ತಾರೆ. ಆದರೆ ಇನ್ನೂ ಅಕ್ಷರ ಕಲಿಯದ ಮಗುವಿಗೆ ಪುಸ್ತಕ ತಲುಪುವುದು ಓದಿ ಹೇಳುವವರ ದನಿಯ ಮೂಲಕ. ಮಗುವಿಗೆ ಹಿಡಿಸಿದ ಪುಸ್ತಕವನ್ನು ಅಮ್ಮನೋ ಅಪ್ಪನೋ ತಾತನೋ ‘ಇನ್ನೊಂದ್ಸಲ’ ಎಂಬ ಹಟಕ್ಕೆ ಮಣಿದು ತಿಂಗಳುಗಟ್ಟಲೆ ಓದಬೇಕಾಗುತ್ತದೆ. ಓದುವವರಿಗೇ ಎರಡನೆಯ ದಿನಕ್ಕೆ ಬೇಸರ ಬರುವ ಪುಸ್ತಕ ಮೂರನೆಯ ದಿನ ಕಪಾಟು ಸೇರುತ್ತದೆ. ಆದ್ದರಿಂದ ಆಯ್ಕೆಯ ಮೊದಲ ಪರೀಕ್ಷೆಯನ್ನು ನಾಲಿಗೆಗೆ ಬಿಡಬೇಕು, ಕಣ್ಣಿನ ಸರದಿ ಆಮೇಲಿನದು.

ಮೊದಲು, ಬಿಡುವಿನ ಹೊತ್ತು ನೋಡಿಕೊಂಡು ಅಂಗಡಿಗೆ ಹೋಗಿ. ಶಾಲೆಗಳು ತೆರೆಯುವ ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ ಮೈಸೂರಿನ ಪುಸ್ತಕದಂಗಡಿಗಳಲ್ಲಿ ನೋಟ್‌ಬುಕ್, ಪಠ್ಯಪುಸ್ತಕ ಕೊಳ್ಳುವವರ ನೂಕುನುಗ್ಗಲು ಇರುತ್ತದೆ. ಆಗ ಒಂದು ಪುಸ್ತಕವನ್ನು ನಿಂತು ಓದಲು ಯಾರೂ ಬಿಡುವುದಿಲ್ಲ. ಬೇರೆ ದಿನಗಳಲ್ಲಿ, ಅದರಲ್ಲೂ ವಾರದ ನಡುವಿನ ಮಧ್ಯಾಹ್ನ, ಮಕ್ಕಳ ವಿಭಾಗದ ಮೂಲೆಯಲ್ಲಿ ಕೂತು ಮೂರು ಪುಟಗಳನ್ನು ಸಣ್ಣ ದನಿಯಲ್ಲಿಯಾದರೂ ಬಾಯಿಬಿಟ್ಟೇ ಓದಿ. ಮನಸ್ಸಿನಲ್ಲಿ ಓದಿದಾಗ ಸಲೀಸಾಗಿ ಸಾಗುವ ವಾಕ್ಯ ಬಾಯಿಗೆ ಬಂದಾಗ ಎಡವುವುದುಂಟು, ಆ ತೊಡಕನ್ನು ಅಂಗಡಿಯಲ್ಲೇ ಕಂಡುಕೊಳ್ಳುವುದು ಒಳ್ಳೆಯದು.

ಏನನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮಳೆಗೆ ಸಿಕ್ಕಿದ ಕೋಳಿಮರಿಗಳ ಚಿತ್ರವಿದೆ ಎಂದುಕೊಳ್ಳಿ. ಅದರ ಕೆಳಗೆ ‘ಮಳೆಯು ಧಾರಾಕಾರವಾಗಿ ಸುರಿಯಲಾರಂಭಿಸಿದ್ದರಿಂದ ಭಯಭೀತವಾದ ಕೋಳಿಮರಿಗಳು ತಮ್ಮ ತಾಯಿಯ ಆಶ್ರಯವನ್ನು ಅರಸುತ್ತಾ ಓಡಿದವು’ ಎಂದು ಬರೆದಿದ್ದರೆ ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಆದರೆ ಮೂರು ವರ್ಷದ ಮಗು ‘ಸುರಿಯಲಾರಂಭಿಸಿದ್ದರಿಂದ’ ಎಂಬಲ್ಲಿಗೆ ಬರುವಷ್ಟರಲ್ಲಿ ಪುಟ ಮಗುಚಿರುತ್ತದೆ. ಅದೇ ಜಾಗದಲ್ಲಿ ‘ಮಳೆ ಬಂತು. ಪಟಪಟ ಬಂತು. ಮರಿಗಳೆಲ್ಲಿ? ಓಡಿ, ಓಡಿ, ಅಮ್ಮನ ರೆಕ್ಕೆ ಕೆಳಗೆ!’ ಎಂದಿದ್ದರೆ ಓದುವವರ ದನಿ ತಾನಾಗಿಯೇ ಏರಿಳಿಯುತ್ತದೆ, ಮೂರನೆಯ ಓದಿಗೆ ‘ಓಡಿ, ಓಡಿ’ ಎಂಬುದನ್ನು ಮಗುವೇ ಹೇಳತೊಡಗುತ್ತದೆ. ಮರುಕಳಿಸುವ ಸಾಲು, ಪ್ರಾಸ, ಚಟಪಟ, ದಬದಬ, ಗುಳುಗುಳು ಎಂಬಂಥ ಅನುಕರಣ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅವುಗಳನ್ನು ಬಳಸದ ಮಕ್ಕಳ ಪುಸ್ತಕವನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಅನುವಾದಿತ ಪುಸ್ತಕಗಳಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಕನ್ನಡದಲ್ಲಿ ಸಿಗುವ ಒಳ್ಳೆಯ ಚಿತ್ರಪುಸ್ತಕಗಳಲ್ಲಿ ಅನೇಕವು ಬೇರೆ ಭಾಷೆಗಳಿಂದ ಬಂದವು. ಅದರಲ್ಲಿ ಕೊರತೆಯೇನೂ ಇಲ್ಲ. ಆದರೆ ಮೂಲದ ಪ್ರಾಸವನ್ನು ಕಳೆದುಕೊಂಡು ಅರ್ಥವನ್ನಷ್ಟೇ ಉಳಿಸಿಕೊಂಡ ಅನುವಾದ ಗಟ್ಟಿಯಾಗಿ ಓದುವುದಕ್ಕೆ ಒದಗುವುದಿಲ್ಲ. ಅನುವಾದಕರ ಹೆಸರನ್ನು ಎದ್ದು ಕಾಣುವಂತೆ ಮುದ್ರಿಸಿರುವ ಪ್ರಕಾಶಕರು ಸಾಮಾನ್ಯವಾಗಿ ಭಾಷೆಯ ಬಗ್ಗೆಯೂ ಕಾಳಜಿ ವಹಿಸಿರುತ್ತಾರೆ.

ಪುಸ್ತಕದ ಭಾಷೆ ಮನೆಯ ಮಾತಿಗಿಂತ ಸ್ವಲ್ಪ ದೂರವಿದ್ದರೆ ಹೆದರಬೇಕಾಗಿಲ್ಲ. ಮಂಡ್ಯದ ಹಳ್ಳಿಯ ಮನೆಯಲ್ಲಿ ‘ಬತ್ತೀನಿ’, ‘ಹೋಯ್ತೀನಿ’ ಎಂದು ಕೇಳಿ ಬೆಳೆಯುವ ಮಗು ಪುಸ್ತಕದಲ್ಲಿ ‘ಬರುತ್ತೇನೆ’, ‘ಹೋಗುತ್ತೇನೆ’ ಎಂಬುದನ್ನು ಕೇಳಿಯೂ ಕಥೆಯನ್ನು ಹಿಂಬಾಲಿಸುತ್ತದೆ, ಮುಂದೆ ಶಾಲೆಯಲ್ಲಿ ಎದುರಾಗುವ ಭಾಷೆಗೆ ಕಿವಿ ಹದವಾಗುತ್ತದೆ. ಪಾತ್ರಗಳ ಮಾತನ್ನು ಮನೆಯ ಮಾತಿನಲ್ಲಿಯೂ ನಿರೂಪಣೆಯನ್ನು ಪುಸ್ತಕದಲ್ಲಿದ್ದಂತೆಯೂ ಓದುವುದು ಒಳ್ಳೆಯ ದಾರಿ. ಆದ್ದರಿಂದ ಮಾತುಕತೆ ಹೆಚ್ಚಾಗಿರುವ ಪುಸ್ತಕಗಳನ್ನು ಆರಿಸಿಕೊಂಡರೆ ಓದುವವರಿಗೆ ಈ ಸ್ವಾತಂತ್ರ್ಯ ಸಿಗುತ್ತದೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಉರ್ದು, ತಮಿಳು, ತೆಲುಗು, ಕೊಡವ ಮಾತುಗಳೂ ಇವೆ. ಅಂಥ ಮನೆಗಳಿಗೂ, ಓದಲು ಬಾರದ ಅಜ್ಜಿಯೇ ಮಗುವನ್ನು ನೋಡಿಕೊಳ್ಳುವ ಮನೆಗಳಿಗೂ ಮಾತಿಲ್ಲದ, ಬರಿಯ ಚಿತ್ರಗಳಿಂದಲೇ ಕಥೆ ಹೇಳುವ ಪುಸ್ತಕಗಳು ಹೇಳಿ ಮಾಡಿಸಿದಂತಿವೆ. ಅಕ್ಷರವೇ ಇಲ್ಲದ ಪುಸ್ತಕಕ್ಕೆ ಯಾಕೆ ದುಡ್ಡು ಕೊಡಬೇಕು ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಹಾಗೆ ಕೇಳುವವರು ಒಮ್ಮೆ ಅಜ್ಜಿಯ ಕೈಗೆ ಅದನ್ನು ಕೊಟ್ಟು ನೋಡಲಿ.

ಎರಡನೆಯ ಹೆಜ್ಜೆ ಚಿತ್ರಗಳದು. ಅಕ್ಷರಗಳನ್ನು ಕೈಯಿಂದ ಮುಚ್ಚಿ ಪುಟಗಳನ್ನು ಒಂದೊಂದಾಗಿ ಮಗುಚಿ. ಕಥೆಯ ಎಳೆ ಸಿಗುತ್ತದೆಯೇ ನೋಡಿ. ಅಕ್ಷರ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಸಾಲದು. ‘ಅಜ್ಜಿ ಒಬ್ಬಳೇ ಸಂತೆಗೆ ಹೊರಟಳು’ ಎಂದು ಸಾಲು ಹೇಳುತ್ತಿರುವಾಗ ಚಿತ್ರದಲ್ಲಿ ಅವಳ ಬುಟ್ಟಿಯೊಳಗಿಂದ ಬೆಕ್ಕಿನ ಬಾಲ ಇಣುಕುತ್ತಿದ್ದರೆ, ಓದುವವರಿಗೆ ತಿಳಿಯದ ಗುಟ್ಟೊಂದು ಮಗುವಿಗೆ ತಿಳಿದಂತಾಗುತ್ತದೆ, ಆಗ ಅದು ಸುಮ್ಮನೆ ಕೂರುವುದಿಲ್ಲ. ಪುಟ ಮಗುಚುವ ಜಾಗವನ್ನೂ ಗಮನಿಸಿ. ಬಲಪುಟದ ಕೊನೆಯಲ್ಲಿ ‘ಪೊದೆಯ ಹಿಂದೆ ಏನಿತ್ತು ಗೊತ್ತಾ?’ ಎಂದು ಕೇಳಿ, ಉತ್ತರವನ್ನು ಮುಂದಿನ ಹಾಳೆಗೆ ಉಳಿಸಿಕೊಂಡಿರುವ ಪುಸ್ತಕವನ್ನು ಗಟ್ಟಿ ಓದಿನ ಅರಿವುಳ್ಳವರು ರೂಪಿಸಿದ್ದಾರೆಂದು ತಿಳಿಯಬಹುದು. ಪ್ರಶ್ನೆ ಎಡಪುಟದಲ್ಲೂ ಉತ್ತರದ ಚಿತ್ರ ಎದುರಿಗೇ ಬಲಪುಟದಲ್ಲೂ ಇದ್ದರೆ ಆ ಕುತೂಹಲವೆಲ್ಲ ವ್ಯರ್ಥ.

ಚಿತ್ರಗಳು ಮಾತಿಗೆ ಎಡೆಕೊಡುವಂತಿರಬೇಕು ಎಂಬುದಕ್ಕೆ ಇನ್ನೂ ಒಂದು ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿತ್ರಪುಸ್ತಕ ಓದುವಾಗ ‘ಇಲ್ಲಿ ಏನಾಗುತ್ತಿದೆ?’ ಎಂಬಂಥ, ಹೌದು-ಇಲ್ಲ ಎಂದು ಹೇಳಿ ಮುಗಿಸಲಾಗದ ಪ್ರಶ್ನೆಗಳನ್ನು ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ ಹೇಳಲು ಕಲಿತ ತಂದೆತಾಯಿಯರ ಮಕ್ಕಳು, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಿದ್ದುದು ಕಂಡುಬಂತು. ಕೊಳ್ಳುವವರು ಇದನ್ನು ಹೀಗೆ ಬಳಸಿಕೊಳ್ಳಬಹುದು: ಯಾವುದಾದರೂ ಒಂದು ಪುಟ ತೆರೆದು, ಈ ಚಿತ್ರದ ಬಗ್ಗೆ ಅಂಥ ಎರಡು ಪ್ರಶ್ನೆ ಕೇಳಲು ಸಾಧ್ಯವೇ ಎಂದು ಯೋಚಿಸಿ. ಪುಟಕ್ಕೊಂದು ಹಣ್ಣು, ಕೆಳಗೆ ಅದರ ಹೆಸರು ಇರುವ ಪುಸ್ತಕದಲ್ಲಿ ‘ಇದೇನು?’ ಎಂಬುದರ ಆಚೆಗೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ. ಒಂದು ವರ್ಷದ ಮಗುವಿಗೆ ಅದು ಸಾಕು. ನಾಲ್ಕು ವರ್ಷದ ಮಗುವಿಗೆ ಸಾಲದು. ಪಾದಚಾರಿ ಮಾರ್ಗದಲ್ಲಿ ಮಾರುವ ಅಕ್ಷರಮಾಲೆಯ ಪುಸ್ತಕಗಳೂ ಈ ಬಗೆಯವೇ. ಅವು ಹೆಸರು ಕಲಿಸಲಿಕ್ಕೆ ಆಗುತ್ತವೆ, ಓದಿ ಹೇಳಲಿಕ್ಕೆ ಅಲ್ಲ.

ಪರಿಚಿತ ಲೋಕ ಮತ್ತು ಅಪರಿಚಿತ ಲೋಕ, ಎರಡೂ ಬೇಕು. ಆಲೆಮನೆ, ಕಬ್ಬಿನ ಗಾಡಿ, ನಾಲೆ, ರಾಗಿಮುದ್ದೆ ಕಂಡು ಬೆಳೆದ ಮಗುವಿಗೆ ಹಿಮದ ಕಥೆಯನ್ನು ಹೇಳಬಾರದೆಂದೇನಿಲ್ಲ. ಆದರೆ ಮನೆಯಲ್ಲಿರುವ ಹತ್ತು ಪುಸ್ತಕಗಳಲ್ಲಿ ಹತ್ತರಲ್ಲೂ ಹೊಗೆಗೂಡಿನ ಮನೆಗಳೇ ಇದ್ದರೆ, ಪುಸ್ತಕಗಳು ಬೇರೆ ಯಾರಿಗೋ ಸೇರಿದವು ಎಂದು ಅದಕ್ಕೆ ಅನ್ನಿಸಬಹುದು. ಪ್ರಾಣಿಪಕ್ಷಿಗಳ ಪುಸ್ತಕವನ್ನು ಪರೀಕ್ಷಿಸಲು ನಮ್ಮ ಕಡೆಯವರಿಗೆ ಅನುಕೂಲ ಹೆಚ್ಚು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲವನ್ನು ಕಣ್ಣಾರೆ ಕಂಡು ಬಂದ ಮಗು ಪುಸ್ತಕದ ಚಿತ್ರದಲ್ಲಿ ಅದನ್ನೇ ಹುಡುಕುತ್ತದೆ, ಚೀಲವಿಲ್ಲದೆ ಬರೆದ ಚಿತ್ರಕಾರರನ್ನು ಕ್ಷಮಿಸುವುದಿಲ್ಲ. ನೋಡಿ ಬಂದ ವಾರದಲ್ಲೇ ಅದಕ್ಕೆ ಹೊಂದುವ ಪುಸ್ತಕ ತಂದರೆ ಮಾತಿಗೆ ಕೊರತೆಯಾಗದು.

ಇನ್ನು ನೀತಿಯ ವಿಷಯ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ನೀತಿ’ ಎಂದು ಅಚ್ಚಾಗಿರುವ ಪುಸ್ತಕಗಳನ್ನು ಹಿರಿಯರು ಮೆಚ್ಚಿ ಕೊಳ್ಳುತ್ತಾರೆ. ಕಥೆ ಚೆನ್ನಾಗಿದ್ದರೆ ಕೊಳ್ಳಿ, ಆ ಸಾಲನ್ನು ಮಾತ್ರ ಓದದೆ ಬಿಡಿ. ಕಥೆ ಕೇಳಿ ನಕ್ಕ ಮಗುವಿಗೆ ಕೂಡಲೇ ಬುದ್ಧಿವಾದ ಹೇಳಿದರೆ ಮರುದಿನ ಅದೇ ಪುಸ್ತಕವನ್ನು ತೆಗೆದುಕೊಂಡು ಬರಲು ಅದಕ್ಕೆ ಮನಸ್ಸಾಗುವುದಿಲ್ಲ. ಚಿತ್ರಗಳಲ್ಲಿ ಅಮ್ಮ ಯಾವಾಗಲೂ ಒಲೆಯ ಮುಂದೆ, ಅಪ್ಪ ಯಾವಾಗಲೂ ಪತ್ರಿಕೆಯ ಹಿಂದೆ ಇದ್ದಾರೆಯೇ, ಒಳ್ಳೆಯವರೆಲ್ಲ ಬೆಳ್ಳಗೆ, ಕೆಟ್ಟವರೆಲ್ಲ ಕಪ್ಪಗೆ ಇದ್ದಾರೆಯೇ ಎಂಬುದನ್ನು ಮಾತ್ರ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಓದುವಾಗ ಮಾತನ್ನು ಬದಲಿಸಬಹುದು, ಚಿತ್ರವನ್ನು ಬದಲಿಸಲಾಗುವುದಿಲ್ಲ.

ಮೂರನೆಯದಾಗಿ, ಮುದ್ರಣ ಮತ್ತು ಕಟ್ಟು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಪುಸ್ತಕ ನಿಮ್ಮ ಕಣ್ಣಿಗೆ ಎಂದಿಗಿಂತ ದೂರವಿರುತ್ತದೆ, ನಡುವೆ ಮಗುವಿನ ತಲೆ ಇರುತ್ತದೆ. ಆದ್ದರಿಂದ ತೋಳನ್ನು ಚಾಚಿ ಹಿಡಿದು ಓದಿ ನೋಡಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಸಾಲುಗಳ ನಡುವೆ ಅಂತರ ಬಿಡದ ಪುಸ್ತಕದಲ್ಲಿ ಅವು ಕೆಳಗಿನ ಸಾಲಿನ ಕೊಂಬು, ಗುಡಿಸುಗಳಿಗೆ ತಾಗಿ ಕಲಸಿಹೋಗುತ್ತವೆ. ಗಾಢ ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಅಚ್ಚಾಗಿದ್ದರಂತೂ ರಾತ್ರಿಯ ದೀಪದಲ್ಲಿ ಕನ್ನಡಕದ ತಾತನಿಗೆ ಏನೂ ಕಾಣಿಸದು. ಒಂದು ವರ್ಷದೊಳಗಿನ ಮಗುವಿಗೆ ದಪ್ಪ ರಟ್ಟಿನ, ಮೂಲೆಗಳನ್ನು ದುಂಡಾಗಿಸಿದ, ಎದ್ದುಕಾಣುವ ಗೆರೆಗಳ ಪುಸ್ತಕ ತನ್ನಿ, ಏಕೆಂದರೆ ಅದು ಬಾಯಿಗೆ ಹೋಗಿಯೇ ಹೋಗುತ್ತದೆ. ಪಿನ್ ಹೊಡೆದ ತೆಳು ಪುಸ್ತಕವಾದರೆ ಪಿನ್ನಿನ ಮೊನೆ ಒಳಗೆ ಸರಿಯಾಗಿ ಮಡಿಚಿದೆಯೇ ಎಂದು ಬೆರಳಾಡಿಸಿ ನೋಡಿ.

ಎಲ್ಲಿ ಹುಡುಕುವುದು? 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ನವಕರ್ನಾಟಕ ಮತ್ತು ಪ್ರಥಮ್ ಬುಕ್ಸ್, ಚೆನ್ನೈನ ತುಲಿಕಾ ಕೂಡ ಕನ್ನಡ ಚಿತ್ರಪುಸ್ತಕಗಳನ್ನು ಹೊರತಂದಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಅಲ್ಲಿ ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಭಾಷೆಯ ಮಟ್ಟ ಒಂದೇ ಸಮನಾಗಿಲ್ಲ. ಹಾಗಾಗಿ ಮೊದಲು ನೀವೊಬ್ಬರೇ ಮೊಬೈಲಿನಲ್ಲಿ ಗಟ್ಟಿಯಾಗಿ ಓದಿ ಆರಿಸಿಕೊಂಡು, ಇಷ್ಟವಾದದ್ದನ್ನು ಅಚ್ಚು ಹಾಕಿಸಿಯೋ ಮುದ್ರಿತ ಪ್ರತಿ ಕೊಂಡೋ ಮಗುವಿನ ಮುಂದಿಡುವುದು ಮೇಲು. ಪುಸ್ತಕಗಳ ಮೇಲೆ ನಮೂದಿಸುವ ಓದಿನ ಹಂತ ಮಗು ತಾನೇ ಓದುವುದಕ್ಕೆ ಸಂಬಂಧಿಸಿದ್ದು. ನೀವು ಓದಿ ಹೇಳುವುದಾದರೆ ಅದಕ್ಕಿಂತ ಒಂದು ಹಂತ ಮೇಲಿನದನ್ನೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಎಲ್ಲವನ್ನೂ ಕೊಂಡೇ ತೀರಬೇಕೆಂದಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿರುವವರು ನಾವೇ ಆಗಿರುವಾಗ, ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ಕಪಾಟು ಎಲ್ಲಿದೆ ಎಂದು ಕೇಳಲು ಸಂಕೋಚವೇಕೆ? ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಅಲ್ಲಿ ಮಕ್ಕಳನ್ನು ಸದಸ್ಯರನ್ನಾಗಿಸಿಕೊಳ್ಳುತ್ತಾರೆ. ಎರವಲು ತಂದ ಪುಸ್ತಕವನ್ನು ಒಂದು ವಾರ ಓದಿ ನೋಡಿ, ಮಗು ಅದನ್ನು ಹಿಂದಿರುಗಿಸಲು ಒಪ್ಪದೆ ಅಳತೊಡಗಿದರೆ ಆ ಪುಸ್ತಕವನ್ನೇ ಕೊಳ್ಳುವುದು ಖಚಿತವಾದ ವಿಧಾನ. ಒಮ್ಮೆಗೆ ಎರಡು-ಮೂರಕ್ಕಿಂತ ಹೆಚ್ಚು ತರಬೇಡಿ, ತಂದವನ್ನು ಬೆನ್ನು ಕಾಣುವಂತೆ ಜೋಡಿಸದೆ ಮುಖಪುಟ ಕಾಣುವಂತೆ ಮಗುವಿನ ಕೈಗೆಟಕುವ ಎತ್ತರದಲ್ಲಿ ಇಡಿ. ಮೂರು ಪುಟ ಕೇಳಿ ಎದ್ದುಹೋದರೆ ಒತ್ತಾಯಿಸದೆ ಆ ಪುಸ್ತಕವನ್ನು ಎತ್ತಿಟ್ಟು, ನಾಲ್ಕಾರು ತಿಂಗಳು ಕಳೆದ ಮೇಲೆ ಮತ್ತೆ ಹೊರತೆಗೆಯಿರಿ. ಆಗಲೂ ಬೇಡವೆಂದರೆ ಹತ್ತಿರದ ಅಂಗನವಾಡಿಗೆ ಕೊಟ್ಟುಬಿಡಿ.