ಶುಂಠಿ ಬಿಯರ್ ಜೊತೆಗೊಂದು ಪ್ಲಾಸ್ಟಿಕ್ ಬಾಟಲಿ

ಮನೆಯಲ್ಲಿ ಶುಂಠಿ ಬಿಯರ್ ಹುದುಗಿಸಿ ಗಾಜಿನ ಬಾಟಲಿಗೆ ತುಂಬುವವರು ಅದೇ ಪಾನೀಯವನ್ನು ಖಾಲಿ ಪ್ಲಾಸ್ಟಿಕ್ ಸೋಡಾ ಬಾಟಲಿಯೊಂದಕ್ಕೂ ತುಂಬಿ ಪಕ್ಕದಲ್ಲೇ ಇಡಿ. ಬೆಳಿಗ್ಗೆ, ಸಂಜೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಗಡಿಯಿಂದ ತಂದ ಹೊಸ ಸೋಡಾ ಬಾಟಲಿಯಷ್ಟು ಬಿಗಿಯಾಗಿ, ಬೆರಳಿಗೆ ಒಂದಿಷ್ಟೂ ತಗ್ಗದಿದ್ದರೆ ಎಲ್ಲವನ್ನೂ ತಕ್ಷಣ ಫ್ರಿಜ್‌ಗೆ ಸೇರಿಸಿ. ಸಕ್ಕರೆ ತಿಂದ ಯೀಸ್ಟ್ ಬಿಡುವ ಅನಿಲ ಎಲ್ಲ ಬಾಟಲಿಗಳಲ್ಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತುಂಬುತ್ತದೆ. ಗಾಜು ಒಳಗಿನ ಒತ್ತಡವನ್ನು ತೋರಿಸುವುದಿಲ್ಲ, ಪ್ಲಾಸ್ಟಿಕ್ ತೋರಿಸುತ್ತದೆ. ಪಾಕವಿಧಾನದಲ್ಲಿ ಬರೆದ ದಿನಗಳ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಅದು ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸಿನ ತಂಪು ಊರಿನದು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಮೂರು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯಬಹುದು, ಗಾಜು ಸಿಡಿದರೆ ಕಣ್ಣಿಗೇ ಅಪಾಯ. ಈ ಉಪಾಯ ಕೈಕೊಡುವ ಸಂದರ್ಭಗಳೂ ಇವೆ: ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಸಡಿಲವಿದ್ದರೆ, ಅದನ್ನು ಅರ್ಧಕ್ಕೇ ತುಂಬಿದ್ದರೆ, ಗಾಜಿನವು ಒಲೆಯ ಹತ್ತಿರವಿದ್ದು ಇದು ಮಾತ್ರ ನೆರಳಿನಲ್ಲಿದ್ದರೆ. ಕೆಲವು ಬಾಟಲಿಗಳಿಗೆ ಮಾತ್ರ ಪುನರ್ಪುಳಿ ಶರಬತ್ತು ಬೆರೆಸಿದ್ದರೆ ಅವುಗಳಲ್ಲಿ ಸಕ್ಕರೆ ಹೆಚ್ಚು, ಹಾಗಾಗಿ ಅವುಗಳಿಗೆ ಬೇರೆಯೇ ಪ್ಲಾಸ್ಟಿಕ್ ಬಾಟಲಿ ಬೇಕು. ನೀರಿನ ತೆಳು ಬಾಟಲಿ ಬೇಡ, ಒತ್ತಡ ತಡೆಯುವ ಸೋಡಾ ಬಾಟಲಿಯೇ ಆಗಬೇಕು. ಜೇನು, ಜಾಮ್ ತುಂಬಿ ಬರುವ ಗಾಜಿನ ಬಾಟಲಿಗಳನ್ನಂತೂ ಇದಕ್ಕೆ ಬಳಸಲೇಬೇಡಿ. ಫ್ರಿಜ್‌ನಲ್ಲಿ ಯೀಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ವಾರದೊಳಗೆ ಕುಡಿದು ಮುಗಿಸಿ. ಸ್ವಲ್ಪ ಮದ್ಯಾಂಶ ಇದ್ದೇ ಇರುತ್ತದೆ, ಮಕ್ಕಳಿಗೆ ಕೊಡಬೇಡಿ.