ಕೆಟ್ಟು ನಿಲ್ಲದ ಕೆಲಸ ಯಾರಿಗೂ ಕಾಣುವುದಿಲ್ಲ: ದೊಡ್ಡ ಕಂಪನಿಯಲ್ಲಿ ನನ್ನ ಹದಿಮೂರು ವರ್ಷ

2006ರಲ್ಲಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಯೊಂದನ್ನು ಸೇರಿದಾಗ ನನ್ನನ್ನು ಮೇನ್‌ಫ್ರೇಮ್ (ಬ್ಯಾಂಕು, ವಿಮಾ ಸಂಸ್ಥೆಗಳಂಥವು ಬಳಸುವ ದೊಡ್ಡ ಕಂಪ್ಯೂಟರ್) ವಿಭಾಗಕ್ಕೆ ಹಾಕಿದರು. ಹೊಸ ಕಾಲದ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾ ಸಿಗಲಿಲ್ಲವೆಂದು ಜೊತೆಯವರಲ್ಲಿ ಹಲವರು ಕಣ್ಣೀರು ಹಾಕಿದ್ದರು, ನನಗೂ ಬೇಸರವಾಗಿತ್ತು. ಆದರೆ ಏನೂ ತಿಳಿಯದ ನಮಗೆ ಸಂಬಳ ಕೊಟ್ಟು ಮೂರು ತಿಂಗಳು ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನೂ ಆ ಯಂತ್ರಗಳಲ್ಲಿ ಕೆಲಸಗಳನ್ನು ಓಡಿಸುವ ಆದೇಶಗಳ ಭಾಷೆಯಾದ ಜೆಸಿಎಲ್ ಅನ್ನೂ ಕಲಿಸಿದ ಆ ತರಬೇತಿಯ ಋಣ ದೊಡ್ಡದು. ನೂರಾರು ಜನರನ್ನು ಒಟ್ಟಿಗೆ ಕೂರಿಸಿ ಕಲಿಸುವ ಶಕ್ತಿ ದೊಡ್ಡ ಕಂಪನಿಗಷ್ಟೇ ಇರುತ್ತದೆ.

ನನ್ನ ತಂಡದ ಪಾಲಿಗೆ ಬಂದದ್ದು ಅಮೆರಿಕದ ವಿಮಾ ಸಂಸ್ಥೆಯೊಂದರ ರಾತ್ರಿಯ ಬ್ಯಾಚ್ ಕೆಲಸಗಳ ನಿಗಾ. ಅವರಿಗೆ ರಾತ್ರಿಯಾದಾಗ ನಮಗೆ ಬೆಳಗು. ಆದ್ದರಿಂದ ಐದೂವರೆಗೆ ಬನಶಂಕರಿಯಲ್ಲಿ ಕಂಪನಿಯ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿ ಸೇರುತ್ತಿದ್ದೆ. ದಿನವಿಡೀ ಸೇರಿದ ಪ್ರೀಮಿಯಂ, ಕ್ಲೇಮುಗಳ ಲೆಕ್ಕವನ್ನು ಒಂದರ ಹಿಂದೊಂದು ಪ್ರೋಗ್ರಾಮುಗಳು ಓದಿ ಬರೆಯುತ್ತವೆ. ನಡುವೆ ಒಂದು ನಿಂತರೆ ಅದರ ಮೇಲೆ ಅವಲಂಬಿಸಿದವೆಲ್ಲ ನಿಲ್ಲುತ್ತವೆ. ನಮ್ಮನ್ನು ಹೆಚ್ಚು ಕಾಡಿದ್ದು ಎಸ್‌ಜೀರೊಸಿ7 ಎಂಬ ಅಬೆಂಡ್, ಅಂದರೆ ಪ್ರೋಗ್ರಾಮು ನಡುವೆಯೇ ಕೆಟ್ಟು ನಿಲ್ಲುವುದು. ಅಂಕಿಯೇ ಇರಬೇಕಾದ ಜಾಗದಲ್ಲಿ ಖಾಲಿ ಸ್ಥಳವೋ ಅಕ್ಷರವೋ ಬಂದು ಕೂತಿದ್ದರೆ, ಪ್ರೋಗ್ರಾಮು ಅದನ್ನು ಕೂಡಲು ಹೋದ ಕ್ಷಣದಲ್ಲೇ ಸಾಯುತ್ತದೆ. ಆ ಒಂದು ದಾಖಲೆಯನ್ನು ಬದಿಗಿಟ್ಟು ಕೆಲಸವನ್ನು ಮತ್ತೆ ಓಡಿಸಲು ಇಪ್ಪತ್ತು ನಿಮಿಷ ಸಾಕು, ಗ್ರಾಹಕರಿಂದ ಮೆಚ್ಚುಗೆಯ ಮೇಲ್ ಕೂಡ ಬರುತ್ತದೆ. ತಪ್ಪು ದತ್ತಾಂಶ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಮೂಲದಲ್ಲೇ ತಡೆಯಲು ವಾರಗಳು ಬೇಕು. ತಡೆದ ಮೇಲೆ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಯಾರೂ ಮೇಲ್ ಬರೆಯುವುದಿಲ್ಲ. ನಾನು ಎರಡನೆಯ ಬಗೆಯ ಕೆಲಸಕ್ಕೆ ಬಿದ್ದೆ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದ ಮೇಲೆ ನಮ್ಮ ಗ್ರಾಹಕರು ತಂಡವನ್ನು ಕಡಿತಗೊಳಿಸಿದರು, ನಾನು ನಾಲ್ಕು ತಿಂಗಳು ಬೆಂಚಿನಲ್ಲಿ, ಅಂದರೆ ಯಾವ ಪ್ರಾಜೆಕ್ಟೂ ಇಲ್ಲದೆ, ಕೂತೆ. ಸೇವಾ ಕಂಪನಿಯ ವರಮಾನವೆಂದರೆ ನಮ್ಮ ಗಂಟೆಗಳಿಗೆ ಗ್ರಾಹಕರು ತೆರುವ ಹಣ. ಬಿಲ್ ಆಗದ ಉದ್ಯೋಗಿಗೆ ಸಂಬಳ ಬರುತ್ತಿದ್ದರೂ ಆಕೆ ಖರ್ಚಿನ ಬಾಬತ್ತಿಗೆ ಸೇರಿರುತ್ತಾಳೆ. ಕೆಲಸವಿಲ್ಲದೆ ಎಂಟೂವರೆ ಗಂಟೆ ಕಳೆದು, ಸಂಜೆ ಮನೆಗೆ ಫೋನ್ ಮಾಡಿ ‘ಎಲ್ಲ ಚೆನ್ನಾಗಿದೆ’ ಎನ್ನುವುದು ನನಗೆ ದುಡಿಮೆಗಿಂತ ಕಷ್ಟವಾಗಿತ್ತು. ಆ ದಿನಗಳಲ್ಲಿ ಡಿಬಿ2 ಎಂಬ ಡೇಟಾಬೇಸ್ ಕಲಿತು ಪ್ರಮಾಣಪತ್ರ ಪಡೆದೆ, ಮುಂದಿನ ಪ್ರಾಜೆಕ್ಟ್ ಸಿಕ್ಕಿದ್ದು ಅದರಿಂದಲೇ.

ನಿಜವಾದ ಪೆಟ್ಟು ಬಿದ್ದದ್ದು 2010ರ ಮೌಲ್ಯಮಾಪನದಲ್ಲಿ. ಆಗ ಬೆಲ್ ಕರ್ವ್ ಪದ್ಧತಿಯಿತ್ತು: ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದಿದ್ದರೂ ಮೇಲಿನ ದರ್ಜೆ ಕೆಲವರಿಗಷ್ಟೇ, ಕೆಳಗಿನ ದರ್ಜೆಗೂ ಕೆಲವರನ್ನು ಹಾಕಲೇಬೇಕು. ‘ನಿಮ್ಮ ಕೆಲಸದಲ್ಲಿ ದೋಷವಿಲ್ಲ, ಆದರೆ ಮೇಲಿನವರ ಮುಂದೆ ತೋರಿಸುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ’ ಎಂದು ಮ್ಯಾನೇಜರ್ ಹೇಳಿದರು. ಅನ್ಯಾಯವೆನಿಸಿತು, ಈಗಲೂ ಅದು ಅನ್ಯಾಯವೇ ಎನ್ನುತ್ತೇನೆ. ಆದರೆ ಅವರು ಸುಳ್ಳು ಹೇಳಿರಲಿಲ್ಲ. ನನ್ನ ದರ್ಜೆಯನ್ನು ತೀರ್ಮಾನಿಸಿದ ಸಭೆಯಲ್ಲಿ ನನ್ನನ್ನು ಕಂಡವರು ಅವರೊಬ್ಬರೇ, ಉಳಿದವರಿಗೆ ನಾನು ಪಟ್ಟಿಯಲ್ಲಿನ ಒಂದು ಹೆಸರು.

ಅಂದಿನಿಂದ ಪ್ರತಿ ಶುಕ್ರವಾರ, ಬಸ್ಸಿಗೆ ಹೊರಡುವ ಮೊದಲು, ಹದಿನೈದು ನಿಮಿಷ ಬರೆಯತೊಡಗಿದೆ. ಯಾವ ಜಾಬ್ (ಬ್ಯಾಚ್ ಕೆಲಸ), ಎಷ್ಟು ಬಾರಿ ನಿಂತಿತ್ತು, ಕಾರಣವೇನು, ನಾನು ಬದಲಿಸಿದ್ದೇನು, ಬದಲಿಸಿದ ಮೇಲೆ ಎಷ್ಟು ಬಾರಿ ನಿಂತಿತು – ಇಷ್ಟೇ. ಗ್ರಾಹಕರ ಗುಟ್ಟಿನ ಮಾಹಿತಿ ಅದರಲ್ಲಿ ಇರಕೂಡದು, ಆ ಕಡತ ಆಫೀಸಿನ ಕಂಪ್ಯೂಟರಿನಲ್ಲೇ ಇರಬೇಕು ಎಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೆ. ಮೂರು ತಿಂಗಳಿಗೊಮ್ಮೆ ಅದರಿಂದ ಆರೇಳು ಸಾಲು ಆರಿಸಿ ಮ್ಯಾನೇಜರ್‌ಗೆ ಮೇಲ್ ಮಾಡುತ್ತಿದ್ದೆ. ಒಂದು ಜಾಬ್ ಮೂರು ತಿಂಗಳಲ್ಲಿ ಹನ್ನೊಂದು ಬಾರಿ ನಿಂತದ್ದು ತಿದ್ದಿದ ಮೇಲೆ ಒಮ್ಮೆಯೂ ನಿಲ್ಲಲಿಲ್ಲ ಎಂಬ ಸಾಲನ್ನು ಅವರು ಮೇಲಿನ ಸಭೆಯಲ್ಲಿ ಇದ್ದಂತೆಯೇ ಓದಿದರಂತೆ. ನನ್ನ ದರ್ಜೆ ಮರುವರ್ಷವೇ ಏರಿತು. ನನ್ನ ಕೆಲಸವನ್ನು ನಾನೇ ಹೇಳಿಕೊಳ್ಳುವುದೇ ಎಂಬ ಸಂಕೋಚ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೆಚ್ಚು; ಅಂಕಿಗಳನ್ನಷ್ಟೇ ಬರೆಯುತ್ತಿದ್ದುದರಿಂದ ಆ ಸಂಕೋಚ ನನಗೆ ತಾನಾಗಿ ಕಳೆಯಿತು.

ಈ ಬರವಣಿಗೆ ಎಲ್ಲ ಕಡೆಯೂ ಕೈಹಿಡಿಯಲಿಲ್ಲ. 2012ರಲ್ಲಿ ಮಗಳು ಹುಟ್ಟಿದಾಗ ಕಾನೂನಿನ ಹೆರಿಗೆ ರಜೆ 12 ವಾರ ಮಾತ್ರ. ಅದರ ಜೊತೆ ಸಂಬಳವಿಲ್ಲದ ರಜೆ ಸೇರಿಸಿ ಮರಳಿದಾಗ, ಇಲ್ಲದ ತಿಂಗಳುಗಳ ಕಾರಣಕ್ಕೆ ದರ್ಜೆ ಮತ್ತೆ ಇಳಿದಿತ್ತು. ಇದ್ದ ತಿಂಗಳುಗಳ ಕೆಲಸವನ್ನು ಸಾಲುಸಾಲಾಗಿ ತೋರಿಸಿ ವಾದಿಸಿದೆ, ಬದಲಾಗಲಿಲ್ಲ. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ಆ ರಜೆ 26 ವಾರವಾದಾಗ ತಂಡದ ಕಿರಿಯರಿಗಾಗಿ ಮನಸಾರೆ ಸಂತೋಷಪಟ್ಟೆ. ಇನ್ನೊಂದು ಕಡೆ, ಅಪ್ಪನಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆದಾಗ ಕಂಪನಿಯ ಗುಂಪು ವಿಮೆಯಿಂದ ಬಿಲ್ಲಿನ ಬಹುಪಾಲು ತೀರಿತು. ಅದಿಲ್ಲದಿದ್ದರೆ ಅಪ್ಪ ತೋಟ ಅಡವಿಡಬೇಕಿತ್ತು. ಎರಡನ್ನೂ ತಕ್ಕಡಿಗೆ ಹಾಕಿ ತೂಗಲು ನನಗೆ ಆಗುವುದಿಲ್ಲ.

2019ರಲ್ಲಿ ಬಿಟ್ಟೆ. ಕೈತುಂಬ ದುಡಿಯುವ ವಯಸ್ಸಿನಲ್ಲಿ ವರ್ಷವರ್ಷವೂ ಅದೇ ಕೆಲಸದ ನಿಗಾ ಸಾಕೆನಿಸಿತ್ತು. ನೋಟಿಸ್ ಅವಧಿ 90 ದಿನ. ಹೊಸ ಕಡೆಯವರು ಅವಸರ ಮಾಡಿದರೂ ಪೂರ್ತಿ ದುಡಿದೆ, ಏಕೆಂದರೆ ಒಂಬತ್ತು ವರ್ಷಗಳ ಶುಕ್ರವಾರದ ಕಡತವನ್ನು ನನ್ನ ಜಾಗಕ್ಕೆ ಬಂದ ಇಬ್ಬರಿಗೆ ಜಾಬ್ ಜಾಬಿಗೂ ವಿವರಿಸಿ ಒಪ್ಪಿಸಬೇಕಿತ್ತು. ಕೊನೆಯ ಲೆಕ್ಕವನ್ನು ನಾನೇ ಮಾಡಿಕೊಂಡು ಹೋಗಿದ್ದೆ: ಕೊನೆಯ ತಿಂಗಳ ಮೂಲವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿದರೆ ಆಗ ನನ್ನ ಗ್ರಾಚ್ಯುಟಿ ಸಿಗುತ್ತಿತ್ತು. ಪಿಎಫ್ ಹಣವನ್ನು ಹಿಂತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿದೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಆಗಲೇ ಮುಗಿದಿದ್ದರೂ, ಅದರ ಮುಂದಿನ ವರ್ಷಗಳು ತುಂಡಾಗದೆ ಕೂಡುತ್ತ ಹೋಗಲಿ ಎಂಬುದು ನನ್ನ ಎಣಿಕೆಯಾಗಿತ್ತು. ಕಡತ ಪಡೆದ ಇಬ್ಬರಲ್ಲಿ ಒಬ್ಬಳು ಮೊದಲ ತಿಂಗಳು ಎರಡು ಬಾರಿ ಫೋನ್ ಮಾಡಿದ್ದಳು, ಆಮೇಲೆ ಮಾಡಲಿಲ್ಲ.